ಏಳನೇ ಪುಟದ ಕಾಟ

ಅಂತೂ ಏಳನೇ ಪುಟ ಬಗ್ಗಿತು. ಸರ್ಕಾರಿ ಶಾಲೆಯ ನಲಿಕಲಿ (1ರಿಂದ 3ನೇ ತರಗತಿ) ಮಕ್ಕಳಿಗಾಗಿ ಮಾಡುತ್ತಿರುವ ಇಂಗ್ಲಿಷ್ ಓದುಪುಸ್ತಕದ್ದು. 16 ಪುಟ, ಎ5 ಅಳತೆ, ನಡುವೆ ಪಿನ್ನು. ಪುಟ ಜೋಡಿಸಲು ಸ್ಕ್ರೈಬಸ್ ಎಂಬ ಉಚಿತ ಸಾಫ್ಟ್‌ವೇರ್, ಓದು ಕಲಿಯುವವರಿಗೆಂದೇ ಮಾಡಿದ ಆಂಡಿಕಾ ಫಾಂಟ್, ಕಥೆಗೆ ಪೆನ್, ರನ್ ತರಹದ ಮೂರಕ್ಷರದ ಸುಲಭ ಪದಗಳ ಪಟ್ಟಿ.

ಕಥೆ ಇಷ್ಟೇ. ಅನಿಲನಿಗೆ ಬಸ್ಸಲ್ಲಿ ಪೆನ್ ಸಿಗುತ್ತದೆ. 'ಈಸ್ ಇಟ್ ಮೈ ಪೆನ್? ನೋ.' ಕೊನೆಯಲ್ಲಿ ನೀತಿ ವಾಕ್ಯ ಇಲ್ಲ. ಇಟ್ಟರೆ ಮಕ್ಕಳು ಕಥೆ ಬಿಟ್ಟು ಅದನ್ನೇ ಬಾಯಿಪಾಠ ಮಾಡುತ್ತಾರೆ ಅಲ್ವಾ? ಬಹುಮಾನವೂ ಇಲ್ಲ. 1836ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಶುರುವಾದ ಮ್ಯಾಕ್‌ಗಫಿ ರೀಡರ್ ಎಂಬ ಶಾಲಾ ಓದುಪುಸ್ತಕಗಳಿಂದ ಹಿಡಿದು, ಒಳ್ಳೆ ಹುಡುಗನಿಗೆ ಕಥೆ ಮುಗಿಯುವುದರೊಳಗೆ ಏನಾದರೂ ಕೊಡಿಸುವ ಚಾಳಿ ಹೋಗಿಲ್ಲ. ಇಲ್ಲಿ ಪೆನ್ನಿನ ಹುಡುಗಿ ಪೆನ್ ತೆಗೆದುಕೊಂಡು ಇಳಿದು ಹೋಗುತ್ತಾಳೆ, ಅಷ್ಟೇ.

ಹಾಗಾಗಿ ಇಡೀ ಪುಸ್ತಕ ಒಂದು ಪುಟದ ಮೇಲೆ ನಿಂತಿದೆ. ಬಲಗಡೆ ಏಳನೇ ಪುಟ: 'ಯು ಆರ್ ಅನಿಲ್. ರನ್?' ಹಾಳೆ ತಿರುಗಿಸಿದರೆ ಉತ್ತರ. ಮಗು ತಿರುಗಿಸುವ ಮುಂಚೆ ಯೋಚಿಸಬೇಕು.

ಪ್ರೆಸ್ಸಿಗೆ 80 ಜಿಎಸ್‌ಎಂ ಮ್ಯಾಪ್ಲಿಥೋ ಕಾಗದ ಹೇಳಿದ್ದೆ (ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ; ಕಡಿಮೆಯಾದಷ್ಟೂ ಕಾಗದ ತೆಳು). ಬಂದಿದ್ದು 60. ಕೇಳಿದರೆ 'ಎರಡೂ ಬಿಳಿಯೇ ಅಲ್ವಾ ಸಾರ್' ಎಂದರು! ಎಂಟನೇ ಪುಟದ ಅಕ್ಷರ ಏಳರಲ್ಲಿ ಇಣುಕುತ್ತಿತ್ತು. ಮಕ್ಕಳು ಹಾಳೆಯನ್ನು ಕಿಟಕಿ ಬೆಳಕಿಗೆ ಹಿಡಿದು, ತಿರುಮುರುಗಾಗಿ ಉತ್ತರ ಓದಿ, ಪಕ್ಕದವರಿಗೂ ಹೇಳಿಕೊಟ್ಟರು. ಪ್ರಾಮಾಣಿಕತೆಯ ಪುಸ್ತಕದಲ್ಲಿ ಸಾಮೂಹಿಕ ಕಾಪಿ. ಓದಿದ್ದಂತೂ ಓದಿದರು, ಅದೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದ ಇಂಗ್ಲಿಷು. ಬೈಯಲು ಮನಸ್ಸೇ ಬರಲಿಲ್ಲ.

ದಪ್ಪ ಕಾಗದ ಅಂದರೆ ಮತ್ತೆ ದುಡ್ಡು. ಏಳನೇ ಪುಟಕ್ಕೆ ಬೂದು ಛಾಯೆ ಹಾಕಿ ಮರೆಮಾಡೋಣ ಅಂದರೆ, ಜೆರಾಕ್ಸ್‌ನಲ್ಲಿ ಅದು ಮಸಿ ಚೆಲ್ಲಿದ ಹಾಗೆ ಬಂತು. ಎಂಟರಲ್ಲಿ ದೊಡ್ಡ ಚಿತ್ರ ಇಟ್ಟರೆ ಇನ್ನೂ ಜಾಸ್ತಿ ಇಣುಕಿತು. ಕೊನೆಗೆ ಉತ್ತರವನ್ನೇ ಒಂಬತ್ತಕ್ಕೆ ತಳ್ಳಿದೆ. ಎಂಟರಲ್ಲಿ ತೆಳು ಗೆರೆಯಲ್ಲಿ ಒಂದು ಕೈ, ಒಂದು ಪೆನ್. ಇಣುಕಿದರೂ ಹೊಸದೇನೂ ಸಿಗುವುದಿಲ್ಲ. ಒಂದೇ ತೊಂದರೆ: ಎಂಟು–ಒಂಬತ್ತು ಪುಸ್ತಕದ ನಟ್ಟನಡು. ಮೊದಲ ಪ್ರತಿಯಲ್ಲಿ ಪಿನ್ನು ಸೀದಾ ಅನಿಲನ ಮೂಗಿಗೆ ಹೊಕ್ಕಿತು. ಅವನನ್ನು ಬಲಕ್ಕೆ ಸರಿಸಿದ್ದೇನೆ.

ಈಗ ಟೀಚರ್ ಏಳರಲ್ಲಿ ನಿಲ್ಲಿಸುತ್ತಾರೆ, ವಾದ ಕನ್ನಡದಲ್ಲೇ ನಡೆಯುತ್ತದೆ. 'ಸುಮ್ನೆ ಅವಳ ಬ್ಯಾಗಿಗೆ ಹಾಕಿಬಿಡು, ಯಾರಿಗೂ ಗೊತ್ತಾಗಲ್ಲ' ಎಂದಳು ಒಬ್ಬಳು. ನನ್ನ ಕಥೆಗಿಂತ ಇದೇ ಚೆನ್ನಾಗಿದೆ! 'ಪುಟ್ ಇಟ್ ಇನ್ ದ ಬ್ಯಾಗ್', ಪದಗಳೂ ಪಟ್ಟಿಯಲ್ಲೇ ಇವೆ. ಮುಂದಿನ ಮುದ್ರಣದಲ್ಲಿ ಒಂಬತ್ತನೇ ಪುಟ ಅವಳದ್ದು.

ಈ ಮಧ್ಯೆ ಮ್ಯಾಜಿಕ್ 'ಇ' ಪುಸ್ತಕ ತಲೆಗೆ ಹತ್ತಿದೆ: ಪದದ ಕೊನೆಯಲ್ಲಿ ತಾನು ಸುಮ್ಮನಿದ್ದು, ಹಿಂದಿನ ಸ್ವರವನ್ನು ಬದಲಿಸುವ ಇಂಗ್ಲಿಷಿನ 'e'. ಗೇಟ್, ಲೇಟ್, ಕೇಕ್. ಶಾಲೆಗೆ ತಡವಾದವಳು ವಾಚ್‌ಮನ್‌ಗೆ ಏನು ನೆಪ ಹೇಳುತ್ತಾಳೆ? ಕೇಕ್ ಎಲ್ಲಿ ಬರುತ್ತದೋ ಇನ್ನೂ ಹೊಳೆದಿಲ್ಲ, ಆದರೆ ಕೇಕ್ ಬಿಡುವುದಿಲ್ಲ. ಅಷ್ಟರಲ್ಲಿ, 80 ಅಂದರೆ 80 ಕೊಡುವ ಪ್ರೆಸ್ ಯಾರಿಗಾದರೂ ಗೊತ್ತಿದ್ದರೆ ಹೇಳಿ.