ಅಂಕ ಸರಿಯಿದೆ, ಆಡನಾವ್ ಕಾಯ್?

ಮುಂಬಯಿಯ ಮುಲುಂಡ್‌ನ ನಮ್ಮ ವಸತಿ ಸೊಸೈಟಿಯಲ್ಲಿ ಕೆನಡಾದ ಪಿಆರ್ (ಕಾಯಂ ನಿವಾಸದ ಅನುಮತಿ) ಮಾತು ಬಂತೆಂದರೆ ಎಲ್ಲರೂ ಅಂಕದ ಲೆಕ್ಕಕ್ಕೆ ಕೂರುತ್ತಾರೆ. ವಯಸ್ಸಿಗೆ ಎಷ್ಟು, ಇಂಗ್ಲಿಷಿಗೆ ಎಷ್ಟು, ಅನುಭವಕ್ಕೆ ಎಷ್ಟು. ಅದನ್ನು ಕಂಪ್ಯೂಟರೇ ಹೇಳಿಬಿಡುತ್ತದೆ. ನಮ್ಮವರನ್ನು ನಿಜಕ್ಕೂ ಸತಾಯಿಸುವುದು ಪಾಸ್‌ಪೋರ್ಟಿನಲ್ಲಿ ಉಪನಾಮಕ್ಕೆಂದು ಮೀಸಲಿಟ್ಟ ಒಂದು ಸಾಲು.

ಕುಂದಾಪುರದ ಕಡೆಯ ನಮ್ಮ ಭಾವನವರನ್ನೇ ನೋಡಿ. ಜನನ ಪ್ರಮಾಣಪತ್ರದಲ್ಲಿ ಬರೀ ‘ಸುರೇಶ’. ಊರಿನ ಶಾಲೆಯ ದಾಖಲೆಯಲ್ಲಿ ಅದರ ಹಿಂದೆ ಎರಡು ಇನಿಷಿಯಲ್. ಮುಂಬಯಿಯ ಶಾಲೆಗೆ ಸೇರಿಸುವಾಗ ಇಲ್ಲಿನ ಪದ್ಧತಿಯಂತೆ ಉಪನಾಮ, ಹೆಸರು, ತಂದೆಯ ಹೆಸರು ಮೂರೂ ಬೇಕೆಂದರು. ಅವರ ಅಪ್ಪ ಊರಿನ ಹೆಸರನ್ನೇ ಉಪನಾಮವಾಗಿ ಬರೆಸಿ ಬಂದರು. ಪಾಸ್‌ಪೋರ್ಟಿನಲ್ಲೋ ಆ ಸಾಲೇ ಖಾಲಿ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮೇಜಿನಾಚೆಯ ಹುಡುಗಿ ಕಾಗದಗಳನ್ನು ಒಂದರ ಕೆಳಗೊಂದು ಹರಡಿ, ಪೆನ್ನಿನ ತುದಿಯಿಂದ ಅಕ್ಷರ ಅಕ್ಷರವನ್ನೂ ತಟ್ಟುತ್ತಾ ಬಂದು, ‘ಆಡನಾವ್ ಕಾಯ್?’ (ಉಪನಾಮ ಏನು?) ಎಂದು ಮರಾಠಿಯಲ್ಲಿ ಕೇಳಿದಳಂತೆ. ಭಾವನವರಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಕೆನಡಾದ ಅರ್ಜಿಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಬೇಕು. ಉಪನಾಮ ಇಲ್ಲದವರು ಇರುವ ಹೆಸರನ್ನೇ ಉಪನಾಮದ ಜಾಗದಲ್ಲಿ ತುಂಬಿ, ಹೆಸರಿನ ಜಾಗವನ್ನು ಖಾಲಿ ಬಿಡಬೇಕು. ಹಾಗೆ ಹೋಗಲು ಅಡ್ಡಿಯೇನಿಲ್ಲ; ಆದರೆ ಅಲ್ಲಿ ಮುಂದೆ ಮಾಡಿಸುವ ಕಾಗದಗಳಿಗೂ ಆ ಖಾಲಿ ಜಾಗ ಹಿಂಬಾಲಿಸುತ್ತದೆ. ‘ಮೊದಲು ಅರ್ಜಿ ಹಾಕಿ, ಆಮೇಲೆ ನೋಡೋಣ’ ಎನ್ನುವ ಏಜೆಂಟರಿಗೆ ಕಿವಿಗೊಡಬೇಡಿ. ಭಾವನವರು ಮಹಾರಾಷ್ಟ್ರ ರಾಜ್ಯಪತ್ರದಲ್ಲಿ ಹೆಸರು ಪ್ರಕಟಿಸಿ, ಹೊಸ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆಯೇ ಅರ್ಜಿಗೆ ಕೈಹಾಕಿದರು. ಹಳೆಯದನ್ನೂ ಜೋಪಾನ ಮಾಡಿಟ್ಟಿದ್ದಾರೆ. ಹಿಂದಿನ ಪ್ರವಾಸಗಳ ಮುದ್ರೆಗಳೆಲ್ಲ ಅದರಲ್ಲೇ ಇವೆ.

ಕನ್ನಡದ ಜನನ ಪತ್ರ, ಮರಾಠಿಯ ಶಾಲಾ ದಾಖಲೆ ಎರಡಕ್ಕೂ ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ ಬೇಕು. ಅಕ್ಕನ ಮಗಳಿಗೆ ಮೂರೂ ಭಾಷೆ ನೀರು ಕುಡಿದಷ್ಟು ಸಲೀಸು, ಆದರೆ ಮನೆಯವರು ಮಾಡಿದ ಅನುವಾದ ನಡೆಯುವುದಿಲ್ಲ. ಕೊಲ್ಲಿಯಲ್ಲಿ ದುಡಿದು ಬಂದವರು ಇನ್ನೊಂದನ್ನು ನೆನಪಿಡಬೇಕು: ಕಳೆದ 10 ವರ್ಷಗಳಲ್ಲಿ ಸತತ 6 ತಿಂಗಳು ಅಥವಾ ಹೆಚ್ಚು ಕಾಲ ಇದ್ದ ಪ್ರತಿ ದೇಶದ ಪೊಲೀಸ್ ಪ್ರಮಾಣಪತ್ರವನ್ನೂ ಕೇಳುತ್ತಾರೆ.

ಮಕ್ಕಳ ಪಾಸ್‌ಪೋರ್ಟ್ ಮೇಲೂ ಕಣ್ಣಿರಲಿ. ದೊಡ್ಡವರದು 10 ವರ್ಷ ನಡೆದರೆ ಚಿಕ್ಕವರದು ಸಾಮಾನ್ಯವಾಗಿ 5 ವರ್ಷಕ್ಕೇ ಮುಗಿಯುತ್ತದೆ. ಅರ್ಜಿ ಒಪ್ಪಿಗೆಯಾದ ಮೇಲೆ ಸಿಗುವ ಪಿಆರ್ ದೃಢೀಕರಣ ಪತ್ರದ ಗಡುವು ಪಾಸ್‌ಪೋರ್ಟ್ ಅಥವಾ ವೈದ್ಯಕೀಯ ತಪಾಸಣೆಯ ಅವಧಿಗೆ ತಳುಕು ಹಾಕಿಕೊಂಡಿರುತ್ತದೆ. ತಪಾಸಣೆಯ ಆಯುಸ್ಸು 12 ತಿಂಗಳು.

ಊರಿನಲ್ಲಿ ಕೆಲವರು ಕೇಳಿದ್ದೀರಿ: ಪಿಆರ್ ಸಿಕ್ಕರೆ ಭಾರತದ ಪೌರತ್ವ ಹೋಗುತ್ತದೆಯೇ? ಇಲ್ಲ, ಪಾಸ್‌ಪೋರ್ಟ್ ನಮ್ಮದೇ ಇರುತ್ತದೆ. ವಿಮಾನದಲ್ಲಿ ಅಲ್ಲಿಗೆ ಮರಳುವಾಗ ಅದರ ಜೊತೆಗೆ ಪಿಆರ್ ಕಾರ್ಡ್ ತೋರಿಸಬೇಕು. ರಜೆಗೆ ಬಂದಾಗ ಆ ಕಾರ್ಡ್ ಕಳೆದುಹೋದರೆ, ಮರಳಿ ಹೊರಡುವ ಮೊದಲು ಇಲ್ಲಿಂದಲೇ ಕಾಯಂ ನಿವಾಸಿಯ ಪ್ರಯಾಣ ದಾಖಲೆಗೆ ಅರ್ಜಿ ಹಾಕಬೇಕಾಗುತ್ತದೆ.