ಸೂಪರ್ 8 ಕೊಯ್ಲು: ಬಜೆಟ್ ಹಿಡಿತಕ್ಕೆ ಬಂದ ಬಗೆ

ಅಂತೂ ಲೆಕ್ಕ ಕೂಡಿತು. ತೀರ್ಥಹಳ್ಳಿ ಕಡೆಯ ತೋಟವೊಂದರಲ್ಲಿ ಅಡಿಕೆ ಕೊಯ್ಲು, ಸೂಪರ್ 8ರಲ್ಲಿ, ಅಂದರೆ 8 ಮಿಲಿಮೀಟರ್ ಅಗಲದ ಫಿಲ್ಮ್‌ನಲ್ಲಿ, ಐದು ನಿಮಿಷದ ಚಿತ್ರ. ಕ್ಯಾಮೆರಾ, ಲೆನ್ಸು, ಮೀಟರು ಎಲ್ಲ ಸಿದ್ಧವಿವೆ. ಆ ಪುರಾಣ ಬೇಡ. ತಲೆ ತಿಂದದ್ದು ದುಡ್ಡು.

ಮೊದಲು ವೇಗಕ್ಕೆ, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದಕ್ಕೆ, ಕೈ ಹಾಕಿದೆ. ಫಿಲ್ಮ್ ತುಂಬಿದ ಡಬ್ಬಿ, ಅಂದರೆ ಕಾರ್ಟ್ರಿಜ್‌ಗೆ 50 ಅಡಿ, 3600 ಫ್ರೇಮ್. ಬಳಸುವುದರ ಮೂರು ಪಟ್ಟು ತೆಗೆಯುವುದಾದರೆ ಸೆಕೆಂಡಿಗೆ 24ರಂತೆ ಆರು ಕಾರ್ಟ್ರಿಜ್ ಬೇಕು, 18ರಂತೆ ಐದು. ಅಷ್ಟೆಲ್ಲ ಗುಣಿಸಿ ಭಾಗಿಸಿ ಉಳಿದದ್ದು ಒಂದೇ ಒಂದು! ಆದರೂ 18ನ್ನೇ ಇಟ್ಟುಕೊಂಡೆ. ತೋಟದ ನೆರಳಿನಲ್ಲಿ ಒಂದೊಂದು ಫ್ರೇಮಿಗೂ ಸ್ವಲ್ಪ ಹೆಚ್ಚು ಬೆಳಕು ಸಿಗುತ್ತದೆ.

ಮೂರು ಪಟ್ಟನ್ನು ಎರಡಕ್ಕೆ ಇಳಿಸೋಣವೆಂದರೆ ಕೊನೆಗೌಡರು, ಅಂದರೆ ಮರವೇರಿ ಅಡಿಕೆ ಕೊಯ್ಯುವವರು, ಹಗ್ಗದಲ್ಲಿ ಜಾರಿಸಿದ ಅಡಿಕೆ ಗೊನೆಗೆ ‘ಇನ್ನೊಮ್ಮೆ ಬಾ’ ಎನ್ನಲಾದೀತೇ? ಕೆಳಗೆ ಹಿಡಿಯುವವರು ನಕ್ಕಾರು.

ನಿಜವಾದ ತೂತು ಬೇರೆಡೆ ಇತ್ತು. ಬಣ್ಣದ ನೆಗೆಟಿವ್ ಎಂದರೆ ಇಸಿಎನ್-2 ಎಂಬ ತೊಳೆಯುವ ವಿಧಾನ, ಅದರಲ್ಲಿ ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, 41 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ನಮ್ಮ ಬಚ್ಚಲಲ್ಲಿ ಅದು ಹಂಡೆಯ ಮರ್ಜಿ. ಹೊರಗೆ ಕಳಿಸಿದರೆ ಸಾಗಣೆ, ತೊಳೆಸುವಿಕೆ, ಸ್ಕ್ಯಾನ್, ಜೊತೆಗೆ ದಾರಿಯ ತಪಾಸಣೆಯ ಎಕ್ಸ್-ರೇ ತೊಳೆಯದ ಫಿಲ್ಮನ್ನು ಕೆಡಿಸೀತೆಂಬ ಭಯ. ಫಿಲ್ಮ್ ಮಾರುವವರಂತೂ ಒಂದು ಬೆಲೆ ಹೇಳಿ, ತೆರಿಗೆ ಸೇರಿಸಿ ಇನ್ನೊಂದು ಬೆಲೆ ಹೇಳಿ, ಕೊನೆಗೆ ‘ಸ್ಟಾಕ್ ಮುಗಿದಿದೆ’ ಎಂದರು. ಮೊದಲೇ ಹೇಳಿದ್ದರೆ ನನ್ನ ಆಸೆಗೂ ತೆರಿಗೆ ಬೀಳುತ್ತಿರಲಿಲ್ಲ.

ಬಿಡಿಸಿಕೊಂಡದ್ದು ಹೀಗೆ: ಬಣ್ಣ ಬಿಟ್ಟೆ. ಕಪ್ಪುಬಿಳುಪಿನ ಟ್ರೈ-ಎಕ್ಸ್ ರಿವರ್ಸಲ್ (ತೊಳೆದರೆ ನೇರವಾಗಿ ಪಾಸಿಟಿವ್ ಚಿತ್ರವೇ ಸಿಗುವ) ಫಿಲ್ಮೇ ಸರಿ, ಆದರೆ ಅದನ್ನು ನೆಗೆಟಿವ್ ಆಗಿ ಮನೆಯಲ್ಲೇ ತೊಳೆಯುತ್ತೇನೆ. ಬ್ಲೀಚ್ ಬೇಡ, ಎರಡನೇ ಡೆವಲಪರ್ ಬೇಡ. ಡಿ-76 ಎಂಬ ಡೆವಲಪರ್, ಚಿತ್ರವನ್ನು ಉಳಿಸುವ ಫಿಕ್ಸರ್, ನೀರು ಸಾಕು. ಪರೀಕ್ಷೆಯ ತುಂಡಿನಲ್ಲಿ ಅಡಿಕೆಸೋಗೆಯ ಒಂದೊಂದು ಗರಿಯೂ ಕಂಡಿತು. ತೊಳೆದ ಫಿಲ್ಮ್‌ಗೆ ಎಕ್ಸ್-ರೇ ಏನೂ ಮಾಡದು, ಆದ್ದರಿಂದ ಐದು ಸುರುಳಿಯನ್ನೂ ಒಂದೇ ಪೊಟ್ಟಣದಲ್ಲಿ ಮಾಮೂಲಿ ಅಂಚೆಯಲ್ಲಿ ಸ್ಕ್ಯಾನ್‌ಗೆ ಕಳಿಸಬಹುದು. ಹಣ್ಣಡಿಕೆಯ ಕೆಂಪು ಹೋಯಿತು ಎಂದು ಮನೆಯವರ ತಕರಾರು. ಕೆಂಪಿಗೆ ಕೊಡುವಷ್ಟು ಕಾಸಿಲ್ಲ.

ಈಗ ತಲೆಯಲ್ಲಿ ಮುಂದಿನದು ಕುಣಿಯುತ್ತಿದೆ: ಬೇಯಿಸಿದ ಅಡಿಕೆ ಚಪ್ಪರದ ಮೇಲೆ ಒಣಗುವುದು, ನಿಮಿಷಕ್ಕೊಂದು ಫ್ರೇಮ್. ಒಂದೇ ಕಾರ್ಟ್ರಿಜ್ 60 ಗಂಟೆ ಬಾಳುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ವಾರದ ಬಿಸಿಲು. ಇಷ್ಟು ಅಗ್ಗದ ಚಿತ್ರ ಇನ್ನೊಂದಿಲ್ಲ. ಟೈಮರ್ ಜೋಡಿಸುವುದು ಕಷ್ಟವಲ್ಲ. ಮಂಗಗಳು ಟ್ರೈಪಾಡ್ ಹತ್ತದಂತೆ ತಡೆಯುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.