ಸಲಾಲದ ಲುಬಾನು, ನಮ್ಮ ಘಟ್ಟದ ಧೂಪ

ಜೂನ್ ಮೂರನೇ ವಾರ ಭಾಗಮಂಡಲದಲ್ಲಿ ಮಳೆ ಹಿಡಿದು ಸಂಗಮ ತುಂಬುವ ಹೊತ್ತಿಗೆ ಒಮಾನ್ ದೇಶದ ದಕ್ಷಿಣ ತುದಿಯ ಸಲಾಲದಲ್ಲೂ ಸೋನೆ ಶುರುವಾಗುತ್ತದೆ. ಎರಡೂ ಕಡೆಗೆ ಒಂದೇ ನೈಋತ್ಯ ಮಾರುತ. ಇಲ್ಲಿ ಸಲಾಲದವರು ಆ ಕಾಲವನ್ನು ಖರೀಫ್ ಎನ್ನುತ್ತಾರೆ. ಸೆಪ್ಟೆಂಬರ್‌ವರೆಗೆ ಗುಡ್ಡದ ಮೇಲೆ ಮಂಜು, ಕೆಳಗೆ ತೆಂಗು, ಬಾಳೆ. ಮಡಿಕೇರಿ ಕಡೆಯವರಿಗೆ ಊರು ನೆನಪಾಗದೆ ಇರದು. ಆದರೆ ಸಲಾಲಕ್ಕೆ ಹೆಸರು ತಂದ, ಲುಬಾನು ಎಂಬ ಧೂಪದಂಟು ಕೊಡುವ ಒಳ್ಳೆಯ ಮರ ಈ ಹಸಿರಿನಲ್ಲಿ ಸಿಗುವುದಿಲ್ಲ. ಮಂಜು ದಾಟಿ, ಗುಡ್ಡದ ಬೆನ್ನಿಗಿರುವ ಒಣ ಕಣಿವೆಗೆ ಇಳಿಯಬೇಕು.

ನಮ್ಮಲ್ಲಿ ಧೂಪದ ಮರ ಎಂದರೆ ಮಳೆಕಾಡಿನ ದೈತ್ಯ. ಸಾಲುಧೂಪವಾಗಲಿ ಕರಿಧೂಪವಾಗಲಿ, ಕತ್ತೆತ್ತಿ ನೋಡಿದರೂ ತುದಿ ಕಾಣದು. ಇಲ್ಲಿನ ಲುಬಾನು ಮರ, ಅಂದರೆ ಬೋಸ್ವೆಲಿಯಾ ಸಾಕ್ರಾ, ಹೆಚ್ಚೆಂದರೆ ನಮ್ಮ ರೊಬಸ್ಟಾ ಗಿಡಕ್ಕಿಂತ ತುಸು ಎತ್ತರ. ಬುಡದಿಂದಲೇ ಕವಲೊಡೆದು, ಕಾಗದದಂತೆ ಸುಲಿಯುವ ತೊಗಟೆ ಹೊತ್ತು, ಸುಣ್ಣಕಲ್ಲಿನ ಸಂದಿಯಲ್ಲಿ ನಿಂತಿರುತ್ತದೆ. ಮಳೆಯಲ್ಲ, ಮಳೆಗಾಲದ ತಂಪು ಗಾಳಿಯಷ್ಟೇ ಅದಕ್ಕೆ ಬೇಕು. ಸಲಾಲದಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ದೂರದ ವಾದಿ ದೌಕಾದಲ್ಲಿ ಈ ಮರಗಳ ಕಣಿವೆಯೇ ಇದೆ. 2000ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ‘ಧೂಪದ ನಾಡು’ ಎಂಬ ನಾಲ್ಕು ತಾಣಗಳಲ್ಲಿ ಇದೂ ಒಂದು.

ಕೊಯ್ಲು ಬೇಸಿಗೆಯ ಕೆಲಸ. ಏಪ್ರಿಲ್ ಹೊತ್ತಿಗೆ ಬಿಸಿಲೇರಿದಾಗ ಮನ್ಕಫ್ ಎಂಬ ಗಿಡ್ಡ ಕೆತ್ತುಗತ್ತಿಯಿಂದ ಹೊರತೊಗಟೆಯನ್ನು ಅಲ್ಲಲ್ಲಿ ಹೆರೆಯುತ್ತಾರೆ. ತೊಗಟೆಯ ಅಡಿಯ ಕೆಂಪು ಪದರ ಕಾಣಬೇಕು, ಕಟ್ಟಿಗೆಗೆ ಏಟು ಬೀಳಬಾರದು. ಹಾಲಿನಂಥ ರಸ ಹನಿಹನಿಯಾಗಿ ಒಸರುತ್ತದೆ. ಎರಡು ವಾರ ಬಿಟ್ಟು ಬಂದು, ಗಟ್ಟಿಯಾದದ್ದನ್ನು ಕಿತ್ತು, ಅದೇ ಗಾಯವನ್ನು ಮತ್ತೆ ಹೆರೆಯುತ್ತಾರೆ. ಮೊದಲ ಸಲದ್ದು ತೊಗಟೆಯ ಕಸ ಬೆರೆತ ಮಾಲು, ಬೆಲೆಯಿಲ್ಲ. ಎರಡನೆಯದು ಪರವಾಗಿಲ್ಲ. ಮೂರನೇ ಸುತ್ತಿನಿಂದ ಬರುವ ಹನಿಗಳು ದೊಡ್ಡವು, ಶುಭ್ರವಾದವು. ವ್ಯಾಪಾರ ನಿಂತಿರುವುದು ಇವುಗಳ ಮೇಲೆ. ತಾಳ್ಮೆಗೆಟ್ಟು ಒಂದೇ ಸಲಕ್ಕೆ ಆಳವಾಗಿ ಕೆತ್ತಿದರೆ ರಸ ಹೆಚ್ಚು ಬರುವುದಿಲ್ಲ, ಗಾಯದಲ್ಲಿ ಹುಳು ಹೊಕ್ಕು ಕೊಂಬೆ ಒಣಗುತ್ತದೆ. ಬಿಡುವು ಕೊಡದೆ ವರ್ಷವರ್ಷವೂ ಹೆರೆದ ಮರ ಬೀಜದಲ್ಲಿ ಸೋಲುತ್ತದೆ: ಬೀಜ ಕಡಿಮೆ, ಮೊಳೆಯುವುದು ಇನ್ನೂ ಕಡಿಮೆ. ನಮ್ಮ ಘಟ್ಟದಲ್ಲಿ ಕರಿಧೂಪಕ್ಕಾಗಿ ಬುಡದ ಸುತ್ತ ಬೆಂಕಿ ಹಾಕುತ್ತಿದ್ದ ಪದ್ಧತಿ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಯಕ್ಕಿಂತ ಬೆಂಕಿಯೇ ಕ್ರೂರ.

ಖರೀಫ್‌ನ ಮೊದಲ ಹನಿ ಬಿದ್ದರೆ ಕರಾವಳಿ ಕಡೆಯ ಕೊಯ್ಲು ಮುಗಿದಂತೆ. ನೀರು ತಾಗಿದ ಅಂಟು ಕಪ್ಪಾಗಿ ಮೆತ್ತಗಾಗುತ್ತದೆ. ಲುಬಾನಿನ ದರ್ಜೆ ನಿಂತಿರುವುದೂ ಇದರ ಮೇಲೇ. ಮಳೆಯಿಂದ ದೂರದ ಪೂರ್ವದ ಒಣಪ್ರದೇಶದ್ದು ಹೋಜರಿ, ಎಲ್ಲಕ್ಕಿಂತ ಮೇಲು. ಬೆಳ್ಳಗೆ, ಕೆಲವೊಮ್ಮೆ ತಿಳಿಹಸಿರು. ಮರುಭೂಮಿಯ ಬದಿಯದ್ದು ನಜ್ದಿ. ಆಮೇಲೆ ಶಜ್ರಿ. ಸಮುದ್ರದ ಮಗ್ಗುಲಿನ, ಸೋನೆ ತಾಗುವ ಮರದ್ದು ಶಾಬಿ. ಕಂದು ಬಣ್ಣ, ಅಗ್ಗ. ಕಾಫಿಯ ಔಟ್‌ಟರ್ನ್ (ಕಾಯಿಗೆ ಸಿಗುವ ಬೀಜದ ಪ್ರಮಾಣ) ನೋಡಿ, ಮೆಣಸಿನ ಲೀಟರ್ ತೂಕ ನೋಡಿ ಬೆಲೆ ಹೇಳುವ ಕುಶಾಲನಗರದ ವ್ಯಾಪಾರಿಯನ್ನು ಇಲ್ಲಿನ ಹಾಫಾ ಸೂಕಿಗೆ, ಅಂದರೆ ಪೇಟೆಗೆ, ತಂದು ಕೂರಿಸಿದರೆ ಎರಡೇ ದಿನದಲ್ಲಿ ಕಸುಬು ಕಲಿತಾನು.

ಮೆಣಸಿನ ಮಾತು ಬಂತಲ್ಲ, ರೋಮಿನ ಲೆಕ್ಕವನ್ನೂ ನೋಡೋಣ. ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ಬೆಲೆಗಳನ್ನು ಬರೆದಿಟ್ಟಿದ್ದಾನೆ. ಲುಬಾನು ಒಂದು ರೋಮನ್ ಪೌಂಡಿಗೆ, ಎಂದರೆ ಸುಮಾರು 327 ಗ್ರಾಮಿಗೆ, ಮೊದಲ ದರ್ಜೆ 6 ದಿನಾರಿಯಸ್ (ರೋಮಿನ ಬೆಳ್ಳಿ ನಾಣ್ಯ), ಎರಡನೆಯದು 5, ಮೂರನೆಯದು 3. ಕರಿಮೆಣಸು 4, ಬಿಳಿಮೆಣಸು 7, ಹಿಪ್ಪಲಿ 15. ಹೊಗೆಯಾಗಿ ಹೋಗುವ ಅಂಟಿನ ಮೊದಲೆರಡು ದರ್ಜೆಗೆ ಕರಿಮೆಣಸಿಗಿಂತ ಹೆಚ್ಚು ಬೆಲೆ! ಈಗಿನ ಯೆಮನ್‌ನಲ್ಲಿದ್ದ ಥೊಮ್ನದಿಂದ ಗಾಜಾವರೆಗೆ ಒಂಟೆಗೆ 65 ತಂಗುದಾಣ. ದಾರಿಯಲ್ಲಿ ನೀರಿಗೆ, ಮೇವಿಗೆ, ಇಳಿಯುವ ಜಾಗಕ್ಕೆ, ಸುಂಕಕ್ಕೆ ಎಲ್ಲ ಸೇರಿ ಒಂಟೆಯೊಂದಕ್ಕೆ 688 ದಿನಾರಿಯಸ್ ಖರ್ಚು. ಒಂಟೆಯ ಹೊರೆ 150 ಕಿಲೋ ಎಂದಿಟ್ಟುಕೊಂಡರೆ ಪೌಂಡಿಗೆ ಒಂದೂವರೆ ದಿನಾರಿಯಸ್ ಬರೀ ದಾರಿಖರ್ಚು. ಮೇಲ್ದರ್ಜೆಯ ಬೆಲೆಯಲ್ಲಿ ಅದು ಕಾಲುಭಾಗ, ಮೂರನೇ ದರ್ಜೆಯದರಲ್ಲಿ ಅರ್ಧ. ಕೀಳು ಮಾಲು ಹೊತ್ತ ಒಂಟೆಗೂ ಸುಂಕ ಅಷ್ಟೇ, ಮೇವೂ ಅಷ್ಟೇ. ಮರದ ಬುಡದಲ್ಲೇ ಹನಿಹನಿ ಆರಿಸಿ ದರ್ಜೆ ಮಾಡುವ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ.

ದೇವರಿಗೂ ಪಾಲು ದಾರಿಯಲ್ಲೇ. ಈಗಿನ ಯೆಮನ್‌ನ ಶಬ್ವಾ ಪಟ್ಟಣಕ್ಕೆ ಆಗ ಸರಕು ಒಳಬರಲು ಒಂದೇ ಬಾಗಿಲು. ದಾರಿ ತಪ್ಪಿಸಿ ಸಾಗಿಸಿದರೆ ಮರಣದಂಡನೆ. ಅಲ್ಲಿ ಸಬಿಸ್ ದೇವರ ಪೂಜಾರಿಗಳು ಹತ್ತರಲ್ಲೊಂದು ಪಾಲನ್ನು, ತೂಗಿ ಅಲ್ಲ, ಅಳೆದು ತೆಗೆದುಕೊಂಡ ಮೇಲೆಯೇ ಮಾರಾಟ. ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಸಂಸ್ಕರಣಾ ಮನೆಗಳಲ್ಲಿ ಕೆಲಸಗಾರರ ಉಡುಪಿಗೆ ಮುದ್ರೆ, ಮುಖಕ್ಕೆ ಮುಸುಕು, ಹೊರಡುವಾಗ ಬಟ್ಟೆ ಬಿಚ್ಚಿ ತಪಾಸಣೆ.

ಸಮುದ್ರದ ದಾರಿಯಲ್ಲಿ ನಮ್ಮ ಕಡೆಯವರ ಗುರುತು ಇದೆ. ಸಲಾಲದ ಪೂರ್ವಕ್ಕೆ ಖೋರ್ ರೋರಿ ಎಂಬ ಹಿನ್ನೀರಿನ ದಂಡೆಯಲ್ಲಿ ಸುಮ್ಹುರಮ್ ಎಂಬ ಕೋಟೆಯೂರಿನ ಅವಶೇಷವಿದೆ. ಗ್ರೀಕ್ ನಾವಿಕರ ಕೈಪಿಡಿಯೊಂದು ‘ಮೋಸ್ಕಾ’ ಎಂದು ಕರೆದ ಬಂದರು ಇದೇ ಎನ್ನುತ್ತಾರೆ. ನಮ್ಮ ಘಟ್ಟದ ಕೆಳಗಿನ ದಕ್ಷಿಣ ಕರಾವಳಿಯಿಂದ, ಭರೂಚಿನಿಂದ ಬಂದ ಹಡಗುಗಳು ಗಾಳಿಯ ಕಾಲ ತಪ್ಪಿದರೆ ಇಲ್ಲೇ ತಂಗುತ್ತಿದ್ದವಂತೆ. ಬಟ್ಟೆ, ಗೋಧಿ, ಎಳ್ಳೆಣ್ಣೆ ಕೊಟ್ಟು ರಾಜನ ಅಧಿಕಾರಿಗಳಿಂದ ಲುಬಾನು ಪಡೆಯುತ್ತಿದ್ದರು. ಉತ್ಖನನದಲ್ಲಿ ಭಾರತದ ಸಾಲಭಂಜಿಕೆಯ ಪುಟ್ಟ ಕಂಚಿನ ಮೂರ್ತಿ ಸಿಕ್ಕಿತು. ತಮಿಳು ಬ್ರಾಹ್ಮಿ ಲಿಪಿಯಲ್ಲಿ ಹೆಸರು ಕೊರೆದ ಮಡಕೆ ಚೂರೂ ಸಿಕ್ಕಿತು. ಹಡಗನ್ನು ಕಟ್ಟಿಹಾಕಿದ್ದೂ, ಮರದ ಕೊಯ್ಲು ನಿಲ್ಲಿಸಿದ್ದೂ, ಕೊಡಗಿನ ಗದ್ದೆಗೆ ನೀರು ಕೊಟ್ಟದ್ದೂ ಅದೇ ಮಾರುತಗಳ ಲಹರಿ.

ಇಷ್ಟೆಲ್ಲ ಕೊಂಡವರು ಸುಡುತ್ತಿದ್ದುದು ಎಲ್ಲಿ? ಬಾಬಿಲೋನಿನ ಬೇಲ್ ದೇವರ ದೊಡ್ಡ ಬಲಿಪೀಠದಲ್ಲಿ ವರ್ಷಕ್ಕೆ ಸಾವಿರ ಟ್ಯಾಲೆಂಟ್ (ಆ ಕಾಲದ ತೂಕದ ಅಳತೆ) ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುತ್ತಾನೆ. ಅವನ ಲೆಕ್ಕವನ್ನು ತುಸು ತಗ್ಗಿಸಿಕೊಂಡೇ ಕೇಳಬೇಕು. ಈಜಿಪ್ಟಿನ ರಾಣಿ ಹಾಟ್‌ಶೆಪ್ಸುಟ್ ಸುಮಾರು 3,500 ವರ್ಷದ ಹಿಂದೆ ಪುಂಟ್ ದೇಶದಿಂದ ಧೂಪದ ಗಿಡಗಳನ್ನೇ ಬೇರುಸಮೇತ ಬುಟ್ಟಿಯಲ್ಲಿ ತರಿಸಿದ ಚಿತ್ರ ಅವಳ ದೇವಾಲಯದ ಗೋಡೆಯಲ್ಲಿದೆ. ಯೆಹೂದ್ಯರ ಧರ್ಮಗ್ರಂಥವಾದ ವಿಮೋಚನಕಾಂಡದಲ್ಲಿ ಧೂಪದ ಅಳತೆಯೇ ಇದೆ: ಮೂರು ಸುಗಂಧದ್ರವ್ಯ, ಜೊತೆಗೆ ಶುದ್ಧ ಲುಬಾನು, ಎಲ್ಲ ಸಮಭಾಗ, ಉಪ್ಪು ಬೆರೆಸಬೇಕು. ಅದೇ ಅಳತೆಯಲ್ಲಿ ಮನೆಬಳಕೆಗೆ ಮಾಡಿಕೊಂಡವನಿಗೆ ಕುಲದಿಂದ ಬಹಿಷ್ಕಾರ. ನಮ್ಮ ಪಂಚೋಪಚಾರದಲ್ಲಿ ಗಂಧ, ಪುಷ್ಪದ ನಂತರ ಧೂಪ. ಆದರೆ ನಾವು ಯಾವ ಮರದ ಅಂಟು ಎಂದು ಹಟ ಹಿಡಿದವರಲ್ಲ. ಗುಗ್ಗುಳ, ರಾಳ, ಅಗರು, ಕಾಡಿನ ಧೂಪ, ಸಿಕ್ಕಿದ್ದು ಸಲ್ಲುತ್ತದೆ. ಅಂಗಡಿಯ ‘ಹಾಲುಸಾಂಬ್ರಾಣಿ’ಯಂತೂ ಸುಮಾತ್ರಾ ಕಡೆಯ ಬೇರೆಯೇ ಮರದ್ದು. ಅರಬ್ಬರು ಅದನ್ನು ‘ಲುಬಾನ್ ಜಾವಿ’, ಜಾವಾದ ಲುಬಾನು, ಎಂದರು.

ಊರಿಗೆ ಒಯ್ಯಲು ಕೊಳ್ಳುವವರಿಗೆ ಪ್ಲಿನಿಯ ಪರೀಕ್ಷೆ ಇಂದಿಗೂ ಸಾಕು: ಬಿಳುಪು, ಗಾತ್ರ, ಪುಡಿಯಾಗುವ ಗುಣ, ಕೆಂಡಕ್ಕೆ ಹಾಕಿದೊಡನೆ ಹತ್ತುವುದು. ಹಲ್ಲಲ್ಲಿ ಕಚ್ಚಿದರೆ ಗುರುತು ಬೀಳಬಾರದು, ಪುಡಿಯಾಗಬೇಕು. ಇನ್ನೊಂದು ನಮ್ಮ ಕಡೆಯಿಂದ: ಒಂದು ಹನಿಯನ್ನು ಒದ್ದೆ ಬೆರಳಲ್ಲಿ ಉಜ್ಜಿ. ಲುಬಾನಿನಲ್ಲಿ ನೀರಿಗೆ ಕರಗುವ ಗೋಂದು ಇರುವುದರಿಂದ ಹಾಲಿನಂತೆ ಬೆಳ್ಳಗಾಗುತ್ತದೆ. ಪೈನ್ ಅಂಟು, ರಾಳ, ನಮ್ಮ ಕರಿಧೂಪ ಹಾಗಾಗುವುದಿಲ್ಲ.

ಸುಡುವುದರಲ್ಲೇ ಹೆಚ್ಚು ಜನ ಎಡವುವುದು. ನಿಗಿನಿಗಿ ಕೆಂಡದ ಮೇಲೆ ಒಂದು ಹಿಡಿ ಸುರಿದರೆ ಸುವಾಸನೆಯ ತೈಲ ಅರೆನಿಮಿಷದಲ್ಲಿ ಹಾರಿ, ಗೋಂದು ಸೀದು, ರಬ್ಬರು ಸುಟ್ಟ ವಾಸನೆ ಉಳಿಯುತ್ತದೆ. ಆಮೇಲೆ ‘ದುಬಾರಿ ಮಾಲು, ವಾಸನೆಯೇ ಇಲ್ಲ’ ಎಂಬ ದೂರು. ತೆಂಗಿನ ಚಿಪ್ಪಿನ ಇದ್ದಿಲು ಹತ್ತಿ, ಮೇಲೆ ಬೂದಿ ಕಟ್ಟುವವರೆಗೆ ಕಾಯಿರಿ. ಬೂದಿಯನ್ನು ಊದಬೇಡಿ, ಅದೇ ಬಿಸಿಯನ್ನು ತಡೆಯುವ ಪರದೆ. ಕಡಲೆ ಗಾತ್ರದ ಮೂರು ಹನಿ ಒಂದು ಕೋಣೆಗೆ ಧಾರಾಳ. ಹೊಗೆ ಬೆಳ್ಳಗೆ, ತೆಳ್ಳಗೆ ಏಳಬೇಕು. ಕಪ್ಪಾದರೆ ಬಿಸಿ ಹೆಚ್ಚಾಗಿದೆ ಎಂದೇ ಅರ್ಥ. ಹತ್ತು ನಿಮಿಷಕ್ಕೆ ಉಳಿದ ಕರಿಯನ್ನು ಕೆರೆದು ತೆಗೆದೇ ಹೊಸದನ್ನು ಹಾಕಿ. ಬೆಂಕಿಕಡ್ಡಿಗೇ ಹತ್ತುವ ಬಿಲ್ಲೆ ಇದ್ದಿಲಾದರೆ ಅದರಲ್ಲಿ ಪೆಟ್ಲುಪ್ಪು ಇರುತ್ತದೆ. ಚಟಚಟ ನಿಂತು ಮದ್ದಿನ ವಾಸನೆ ಹೋಗುವ ತನಕ ಲುಬಾನು ಮುಟ್ಟಬೇಡಿ. ಕಿಟಕಿಯೊಂದು ತೆರೆದಿರಲಿ. ಮಳೆಗಾಲದಲ್ಲಿ ಬಾಗಿಲೆಲ್ಲ ಬಿಗಿದು ಕೆಂಡ ಇಟ್ಟು ಮಲಗುವುದು ಜೀವಕ್ಕೇ ಅಪಾಯ, ಧೂಪ ಯಾವುದೇ ಆಗಲಿ.

ಇಲ್ಲಿನ ಮನೆಗಳಲ್ಲಿ ಧೂಪದ ಕುಂಡದ ಮೇಲೆ ಮರದ ಚೌಕಟ್ಟು ನಿಲ್ಲಿಸಿ, ಒಗೆದ ಬಟ್ಟೆ ಹರಡಿ ಹೊಗೆ ಹಿಡಿಸುತ್ತಾರೆ. ಆಟಿ ತಿಂಗಳಲ್ಲಿ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಮಗುವಿನ ಬಟ್ಟೆ ಒಣಗಿಸುವ ನಮ್ಮವರಿಗೆ ಹೊಸದೇನಲ್ಲ. ಬಟ್ಟೆ ಪೂರ್ತಿ ಒಣಗಿರಬಾರದು. ತುಸು ತೇವವಿದ್ದರೆ ವಾಸನೆ ಚೆನ್ನಾಗಿ ಹಿಡಿಯುತ್ತದೆ. ಕೆಂಡಕ್ಕೂ ಬಟ್ಟೆಗೂ ಒಂದು ಮೊಳ ಅಂತರ ಬೇಕು, ನೈಲಾನ್ ಆದರೆ ಬೇಡವೇ ಬೇಡ. ಉಳಿದ ಲುಬಾನನ್ನು ಗಾಜಿನ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ಒಲೆಯಿಂದ ದೂರ ಇಡಿ. ಬೆಚ್ಚಗಿನ ಅಟ್ಟದಲ್ಲಿಟ್ಟರೆ ಹನಿಗಳೆಲ್ಲ ಅಂಟಿ ಒಂದೇ ಮುದ್ದೆಯಾಗುತ್ತವೆ. ಹಾಗಾದರೂ ಎಸೆಯಬೇಡಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಸುತ್ತಿ ಕುಟ್ಟಿದರೆ ಬಿಡುತ್ತದೆ.